ಸಂತ ಮಿಖಾಯೇಲರ ಕಾಲಡಿಯಲ್ಲಿ ಇರುವವನು ಯಾರು?

(ಸೆಪ್ಟೆಂಬರ್ 29: ಮಹಾದೂತರಾದ ಮಿಖಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬದ ಚಿಂತನೆ)



ಮಹಾದೂತ ಮಿಖಾಯೇಲರ ಪಟವನ್ನು ನಾವೆಲ್ಲರೂ ನೋಡಿದ್ದೇವೆ. ಒಂದು ಕೈಯಲ್ಲಿ ಖಡ್ಗ, ಕೆಲವು ಪಟಗಳಲ್ಲಿ ಇನ್ನೊಂದು ಕೈಯಲ್ಲಿ ತಕ್ಕಡಿ, ಕಾಲಡಿಯಲ್ಲಿ ಕರ್ರಗಿನ, ಕೊಂಬಿರುವ ಒಂದು ಪ್ರಾಣಿ. ಧರ್ಮೋಪದೇಶ ತರಗತಿಯಲ್ಲಿ ಮಕ್ಕಳ ಮುಂದೆ ಈ ಪಟ ಇಟ್ಟರೆ ಮಿಖಾಯೇಲರ ಬಗ್ಗೆ ಕೇಳುವವರು ಕಡಿಮೆ. ಎಲ್ಲರ ಬೆರಳೂ ಕೆಳಗಡೆಗೇ ಹೋಗುತ್ತದೆ. "ಫಾದರ್, ಅದು ಯಾರ್ರೀ? ಅದರ ಹೆಸರೇನ್ರಿ? ಅಂಥವು ಎಷ್ಟ ಅದಾವ್ರಿ?" ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ, ದೊಡ್ಡವರು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ಇಷ್ಟೇ ವ್ಯತ್ಯಾಸ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಊರುಗಳಲ್ಲಿ ಓಡಾಡುವ ಯಾವ ಗುರುಗಳಿಗೂ ಈ ಪ್ರಶ್ನೆ ಹೊಸದಲ್ಲ. ಆದ್ದರಿಂದ ಈ ಹಬ್ಬದಂದು ಧರ್ಮಸಭೆಯು ದೆವ್ವಗಳ ಬಗ್ಗೆ ಏನನ್ನು ನಂಬಿದೆ, ಅವುಗಳನ್ನು ವಿಂಗಡಿಸಲು ಯಾರ್ಯಾರು ಹೊರಟರು, ಅದರಿಂದ ಏನಾಯಿತು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡೋಣ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಾನು ಕೇಳಬಾರದಿದ್ದ ಪ್ರಶ್ನೆ

ಗುರುದೀಕ್ಷೆ ಪಡೆದ ಹೊಸದರಲ್ಲಿ ಒಂದು ಸಂಜೆ ಹಳ್ಳಿಯೊಂದರಿಂದ ಒಂದು ಕುಟುಂಬ ಬಂದಿತು. ಹದಿನಾಲ್ಕು ವರ್ಷದ ಮಗಳು ಆಗಾಗ ನೆಲಕ್ಕೆ ಬೀಳುತ್ತಿದ್ದಳು. ಬಾಯಲ್ಲಿ ನೊರೆ, ಕಣ್ಣು ಮೇಲೆ. "ಫಾದರ್, ಹುಡಿಗೀಗೆ ಏನೋ ಬಡಕೊಂಡೈತ್ರಿ. ಹೊರಗಿಂದ ಅಂತಾರ್ರಿ. ಯಾವ್ದು ಅಂತ ನೋಡಿ ಹೇಳ್ರಿ" ಎಂದು ತಾಯಿ ಅತ್ತರು. ಅದಾಗಲೇ ಮಂತ್ರ ಹಾಕುವವನೊಬ್ಬನ ಬಳಿ ಹೋಗಿ ಬಂದಿದ್ದರು. ಅವನು ಮೆಣಸಿನಕಾಯಿ ಹೊಗೆ ಹಾಕಿದ್ದ. ಹುಡುಗಿಯ ಕಣ್ಣು ಇನ್ನೂ ಕೆಂಪಾಗಿತ್ತು.

ನಾನು ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ, ತೀರ್ಥ ಪ್ರೋಕ್ಷಿಸಿದೆ. ಇಷ್ಟು ಸರಿ. ಆಮೇಲೆ ಒಂದು ಮಾತು ನನ್ನ ಬಾಯಿಂದ ಜಾರಿತು. "ನಿಮಗೆ ಯಾರ ಮೇಲಾದರೂ ಸಂಶಯ ಇದೆಯಾ?" ಎಂದು ಕೇಳಿದೆ. ಮನೆಯಲ್ಲಿ ಜಗಳವಿದ್ದರೆ ರಾಜಿ ಮಾಡಿಸೋಣ ಎಂಬುದು ನನ್ನ ಉದ್ದೇಶ. ಅವರಿಗೆ ಅರ್ಥವಾದದ್ದು ಬೇರೆ. ಮಗ್ಗುಲ ಮನೆಯಲ್ಲಿ ಒಬ್ಬಂಟಿಯಾಗಿದ್ದ ವಿಧವೆ ತಾಯಿಯೊಬ್ಬರ ಹೆಸರನ್ನು ಅವರು ಹೇಳಿದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಗಟ್ಟಿಯಾಗಿ ಹೇಳಲಿಲ್ಲ. ಊರಿಗೆ ಹೋದ ಮೇಲೆ "ಫಾದರ್ರೂ ಕೇಳಿದರು" ಎಂಬ ಮಾತು ಹಬ್ಬಿತು. ಆ ತಾಯಿಗೆ ನೀರಿಗೆ ಬರುವುದೇ ಕಷ್ಟವಾಯಿತು. ಆಕೆಯ ಕೈಯಿಂದ ಮೊಸರು ಕೊಳ್ಳುವುದನ್ನು ಬಿಟ್ಟರು.

ಎರಡು ತಿಂಗಳ ನಂತರ ಔಷಧಾಲಯ ನಡೆಸುತ್ತಿದ್ದ ಒಬ್ಬ ಸಿಸ್ಟರ್ ಆ ಹುಡುಗಿಯನ್ನು ನೋಡಿದರು. "ಇದು ಫಿಟ್ಸ್, ಫಾದರ್. ಧಾರವಾಡಕ್ಕೆ ಕಳಿಸಿ" ಎಂದರು. ಕಳಿಸಿದೆವು. ದಿನಾ ಮಾತ್ರೆ ತೆಗೆದುಕೊಂಡು ಹುಡುಗಿ ಸುಧಾರಿಸಿದಳು, ಮತ್ತೆ ಶಾಲೆಗೆ ಹೋದಳು. ಆದರೆ ಆ ಎರಡು ತಿಂಗಳು ಮಗ್ಗುಲ ಮನೆಯ ತಾಯಿ ಅನುಭವಿಸಿದ್ದಕ್ಕೆ ಮಾತ್ರೆ ಎಲ್ಲಿದೆ? ನಾನು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಕೆ ಚಾಪೆ ಹಾಸಿ ಕೂರಿಸಿ, ಚಹಾ ಕೊಟ್ಟು, ಒಂದೇ ಮಾತು ಹೇಳಿದರು: "ದೆವ್ವ ಬಿಡಸಾಕ ನೀವು ಬರ್ತೀರಿ ಫಾದರ್. ಮಂದಿ ಬಾಯಿ ಬಿಡಸಾಕ ಯಾರ ಬರ್ತಾರ್ರಿ?"

ಈ ಲೇಖನ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

'ದೆವ್ವ' ಎಂಬ ಪದ

ಮೊದಲು ಪದಗಳನ್ನು ಗಮನಿಸೋಣ. ಕನ್ನಡದ 'ದೆವ್ವ' ಎಂಬುದು 'ದೇವ' ಎಂಬ ಪದದ ತದ್ಭವ. ಪೂಜ್ಯ ಅರ್ಥದ ಪದವೇ ಜನರ ಬಾಯಲ್ಲಿ ಭಯದ ಪದವಾಯಿತು. ಗ್ರೀಕ್ ಭಾಷೆಯಲ್ಲೂ ಹೀಗೇ ಆಗಿದೆ. ಅಲ್ಲಿ 'ದೈಮೋನ್' ಎಂದರೆ ಮೊದಲಿಗೆ ಕೆಟ್ಟ ಶಕ್ತಿಯಲ್ಲ. ದೇವತೆಗಳಿಗೂ ಮನುಷ್ಯರಿಗೂ ನಡುವೆ ಇರುವ ಶಕ್ತಿ. ತತ್ವಜ್ಞಾನಿ ಸಾಕ್ರಟೀಸ್ ತನಗೆ ಎಚ್ಚರಿಕೆ ಕೊಡುವ ಒಳದನಿಯನ್ನು ಇದೇ ಪದದಿಂದ ಕರೆದ. ಹಳೆಯ ಒಡಂಬಡಿಕೆಯನ್ನು ಗ್ರೀಕ್ ಭಾಷೆಗೆ ತಂದ ಯೆಹೂದ್ಯರು ಮತ್ತು ಆಮೇಲೆ ಕ್ರೈಸ್ತರು ಈ ಪದವನ್ನು ದುರಾತ್ಮ ಎಂಬ ಒಂದೇ ಅರ್ಥಕ್ಕೆ ಉಳಿಸಿದರು.

ಹೀಬ್ರೂ ಭಾಷೆಯ 'ಸಾತಾನ್' ಎಂದರೆ ಎದುರಾಳಿ, ನ್ಯಾಯಾಲಯದಲ್ಲಿ ಎದುರು ನಿಂತು ದೂರುವವನು. ಯೋಬನ ಗ್ರಂಥದಲ್ಲಿ ಅವನು ದೇವರ ಸನ್ನಿಧಿಯಲ್ಲಿ ನಿಂತು ನಿರಪರಾಧಿ ಯೋಬನ ಮೇಲೆ ಸಂಶಯ ಹುಟ್ಟಿಸುತ್ತಾನೆ. ಇದರ ಗ್ರೀಕ್ ರೂಪ 'ದಿಯಾಬೊಲೋಸ್'. ಅದರ ಅರ್ಥ ಚಾಡಿಕೋರ, ಸುಳ್ಳು ಆರೋಪ ಹೊರಿಸುವವನು. ಈ ಅರ್ಥವನ್ನು ದಯವಿಟ್ಟು ನೆನಪಿನಲ್ಲಿಡಿ. ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರುತ್ತೇವೆ.

ಇನ್ನು 'ಲೂಸಿಫರ್'. ಪ್ರವಾದಿ ಯೆಶಾಯನ ಗ್ರಂಥದ 14ನೇ ಅಧ್ಯಾಯದಲ್ಲಿ ಬಾಬಿಲೋನಿನ ಅಹಂಕಾರಿ ಅರಸನನ್ನು ಬಿದ್ದುಹೋದ ಬೆಳ್ಳಿಚುಕ್ಕಿ ಎಂದು ಹಂಗಿಸಲಾಗಿದೆ. ಲತೀನ್ ಬೈಬಲಿನಲ್ಲಿ ಬೆಳ್ಳಿಚುಕ್ಕಿಗೆ ಇರುವ ಪದವೇ 'ಲೂಸಿಫರ್', ಅಂದರೆ ಬೆಳಕು ತರುವವನು. ಪಿತಾಮಹರು ಇದನ್ನು ಸೈತಾನನ ಪತನಕ್ಕೆ ಅನ್ವಯಿಸಿದರು, ಕಾಲಕ್ರಮೇಣ ಅದು ಅವನ ಹೆಸರೇ ಆಯಿತು. ಆದರೆ ಪಾಸ್ಖ ಜಾಗರಣೆಯ ರಾತ್ರಿ ದೊಡ್ಡ ಮೇಣದಬತ್ತಿಯ ಮುಂದೆ ಹಾಡುವ ಲತೀನ್ ಸ್ತುತಿಗೀತೆಯ ಕೊನೆಯಲ್ಲಿ ಅದೇ ಪದವನ್ನು ಎಂದೂ ಮುಳುಗದ ಬೆಳ್ಳಿಚುಕ್ಕಿಯಾದ ಕ್ರಿಸ್ತರಿಗೆ ಬಳಸಲಾಗಿದೆ! ಹೆಸರುಗಳ ಬೆನ್ನುಹತ್ತಿ ಹೋದರೆ ನಾವು ಎಷ್ಟು ಸುಲಭವಾಗಿ ದಾರಿ ತಪ್ಪಬಹುದು ಎಂಬುದಕ್ಕೆ ಇದೊಂದೇ ಸಾಕು.

ಧರ್ಮಸಭೆಯ ಬೋಧನೆ: ಮೂರು ಮಾತುಗಳು

ಧರ್ಮಸಭೆಯು ಈ ವಿಷಯದಲ್ಲಿ ದೃಢವಾಗಿ ಹೇಳುವುದು ಬಹಳ ಕಡಿಮೆ. ಅದನ್ನು ಮೂರು ಮಾತುಗಳಲ್ಲಿ ಹೇಳಬಹುದು.

ಒಂದನೆಯದು: ಸೈತಾನನು ದೇವರಿಗೆ ಸರಿಸಮಾನನಾದ ಎದುರಾಳಿಯಲ್ಲ. 12 ಮತ್ತು 13ನೇ ಶತಮಾನಗಳಲ್ಲಿ ಯುರೋಪಿನ ದಕ್ಷಿಣ ಭಾಗದಲ್ಲಿ ಕಥಾರರು ಎಂಬ ಪಂಗಡದವರು ಒಳ್ಳೆಯದಕ್ಕೆ ಒಬ್ಬ ದೇವರು, ಕೆಟ್ಟದ್ದಕ್ಕೆ ಇನ್ನೊಂದು ಶಕ್ತಿ ಎಂದು ಬೋಧಿಸುತ್ತಿದ್ದರು. ಅದಕ್ಕೆ ಉತ್ತರವಾಗಿ 1215ರ ನಾಲ್ಕನೆಯ ಲಾತರನ್ ಮಹಾಸಭೆಯು ಸೈತಾನನೂ ಇತರ ದುರಾತ್ಮಗಳೂ ದೇವರಿಂದ ಒಳ್ಳೆಯವರಾಗಿಯೇ ಸೃಷ್ಟಿಯಾದವರು, ತಮ್ಮ ಸ್ವಂತ ಆಯ್ಕೆಯಿಂದ ಕೆಟ್ಟವರಾದರು ಎಂದು ಸಾರಿತು. ಅಂದರೆ ಅವು ಬಿದ್ದುಹೋದ ದೂತರು. ಅವುಗಳಿಗೆ ದೇಹವಿಲ್ಲ, ಬುದ್ಧಿ ಮತ್ತು ಇಚ್ಛೆ ಇವೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಸೈತಾನನ ಶಕ್ತಿಗೆ ಮಿತಿಯಿದೆ, ಅವನೂ ಒಂದು ಸೃಷ್ಟಿಯಷ್ಟೇ ಎಂದು ಬೋಧಿಸುತ್ತದೆ.

ಎರಡನೆಯದು: ದುರಾತ್ಮಗಳು ಸತ್ತ ಮನುಷ್ಯರ ಆತ್ಮಗಳಲ್ಲ. ನಮ್ಮ ಊರುಗಳಲ್ಲಿ ಈ ಮಾತು ಬಹಳ ಮುಖ್ಯ. ಬಾವಿಗೆ ಬಿದ್ದು ಸತ್ತವರು, ಹೆರಿಗೆಯಲ್ಲಿ ತೀರಿಹೋದವರು, ನೇಣು ಹಾಕಿಕೊಂಡವರು ದೆವ್ವವಾಗಿ ಬರುತ್ತಾರೆ ಎಂಬುದು ಜನರ ನಂಬಿಕೆ. ಇದು ನಮ್ಮ ಕಡೆಯವರದ್ದು ಮಾತ್ರವಲ್ಲ. ಸುಮಾರು 1,600 ವರ್ಷಗಳ ಹಿಂದೆ ಸಿರಿಯಾ ನಾಡಿನ ಅಂತಿಯೋಕ್ಯದ ಜನರೂ ಇದನ್ನೇ ನಂಬಿದ್ದರು. ಅಲ್ಲಿ ಪ್ರಬೋಧನೆ ಮಾಡುತ್ತಿದ್ದ ಸಂತ ಜಾನ್ ಕ್ರಿಸೊಸ್ತೊಮರು ಸತ್ತವರ ಆತ್ಮ ದೆವ್ವವಾಗುವುದಿಲ್ಲ, ಅದು ಇಲ್ಲಿ ಅಲೆಯುವುದೂ ಇಲ್ಲ ಎಂದು ಸ್ಪಷ್ಟವಾಗಿ ತಿಳಿಸಿದರು. ಹೆರಿಗೆಯಲ್ಲಿ ತೀರಿಹೋದ ನಿಮ್ಮ ಅಕ್ಕ ದೇವರ ಕೈಯಲ್ಲಿದ್ದಾಳೆ. ಆಕೆಯನ್ನು ದೆವ್ವವೆಂದು ಕರೆಯುವುದು ಆಕೆಗೆ ಮಾಡುವ ಅವಮಾನ. ಆಕೆಗೆ ಬೇಕಾಗಿರುವುದು ನಿಂಬೆಹಣ್ಣಲ್ಲ, ನಿಮ್ಮ ಪ್ರಾರ್ಥನೆ ಮತ್ತು ಬಲಿಪೂಜೆ.

ಮೂರನೆಯದು: ಪ್ರತಿಯೊಂದು ಕಾಯಿಲೆಯೂ, ಪ್ರತಿಯೊಂದು ಪಾಪವೂ ದೆವ್ವದಿಂದ ಬರುವುದಿಲ್ಲ. ಸಂತ ಮತ್ತಾಯನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಯೇಸುಸ್ವಾಮಿಯ ಬಳಿಗೆ ಕರೆತಂದವರ ಪಟ್ಟಿಯಿದೆ. ಅದರಲ್ಲಿ ದೆವ್ವಪೀಡಿತರು ಬೇರೆ, ಮೂರ್ಛೆರೋಗಿಗಳು ಬೇರೆ, ಪಾರ್ಶ್ವವಾಯು ಪೀಡಿತರು ಬೇರೆ. ಸ್ವಾಮಿ ಎಲ್ಲರನ್ನೂ ಗುಣಪಡಿಸಿದರು. ಆದರೆ ಎಲ್ಲರಿಗೂ ಒಂದೇ ಹೆಸರು ಇಡಲಿಲ್ಲ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಪಾಪಗಳೆಲ್ಲವೂ ಸೈತಾನನ ಪ್ರೇರಣೆಯಿಂದ ಆಗುವುದಿಲ್ಲ, ಎಷ್ಟೋ ಪಾಪಗಳು ನಮ್ಮದೇ ಇಚ್ಛೆಯಿಂದ, ನಮ್ಮದೇ ಶರೀರದ ಬಯಕೆಯಿಂದ ಆಗುತ್ತವೆ ಎಂದು ಕಲಿಸಿದರು. ಕುಡಿದು ಹೆಂಡತಿಯನ್ನು ಹೊಡೆದವನು "ಮೈಮೇಲೆ ಏನೋ ಬಂದಿತ್ತು" ಎಂದು ಪಾಪನಿವೇದನೆಯಲ್ಲಿ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಪಟ್ಟಿ ಮಾಡಿದವರು

ಇಷ್ಟಕ್ಕೆ ಮನುಷ್ಯನ ಕುತೂಹಲ ತೃಪ್ತಿಯಾಗಲಿಲ್ಲ. ಎಷ್ಟು ಬಗೆ? ಯಾವುದರ ಕೆಲಸ ಯಾವುದು? ಎಂದು ಕೇಳುತ್ತಲೇ ಹೋದನು. ಚರಿತ್ರೆಯಲ್ಲಿ ಇಂಥ ಪಟ್ಟಿಗಳು ಹಲವು. ಮೂರನ್ನು ಮಾತ್ರ ನೋಡೋಣ.

ಮೊದಲನೆಯದು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡುತ್ತಿದ್ದ ಎವಾಗ್ರಿಯುಸ್ ಎಂಬ ಸನ್ಯಾಸಿಯದ್ದು. ಇವರು 399ರಲ್ಲಿ ತೀರಿಕೊಂಡರು. ಮರುಭೂಮಿಯ ಗುಡಿಸಲಿನಲ್ಲಿ ಕುಳಿತು ತಮ್ಮನ್ನು ಕಾಡುವ ದುರಾತ್ಮಗಳನ್ನು ಎಂಟು ಬಗೆಯಾಗಿ ವಿಂಗಡಿಸಿದರು. ಹೇಗೆಂದರೆ ಅವು ತರುವ ಆಲೋಚನೆಗಳಿಂದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹುಸಿ ಹೊಗಳಿಕೆಯ ಆಸೆ, ಗರ್ವ. ಇವುಗಳಲ್ಲಿ ಬೇಸರದ ದೆವ್ವವನ್ನು ಅವರು ವರ್ಣಿಸಿದ ರೀತಿ ಸ್ವಾರಸ್ಯಕರ. ಅದು ಬರುವುದು ಅಮಾವಾಸ್ಯೆಯ ನಡುರಾತ್ರಿಯಲ್ಲಲ್ಲ, ಸುಡುವ ಮಧ್ಯಾಹ್ನದಲ್ಲಿ. ಸೂರ್ಯ ಮುಂದಕ್ಕೇ ಹೋಗುತ್ತಿಲ್ಲ, ಹಗಲು ಐವತ್ತು ತಾಸು ಇದೆ ಎಂದು ಸನ್ಯಾಸಿಗೆ ಅನಿಸುತ್ತದೆ. ಕೆಲಸ ಬೇಡ, ಪ್ರಾರ್ಥನೆ ಬೇಡ, ಯಾರಾದರೂ ಮಾತಿಗೆ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡುತ್ತಾನೆ. ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನಗಳನ್ನು ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ! ಈ ಪಟ್ಟಿಯನ್ನು ಜಾನ್ ಕಸಿಯನ್ ಎಂಬ ಸನ್ಯಾಸಿ ಪಶ್ಚಿಮಕ್ಕೆ ತಂದರು. ಜಗದ್ಗುರು ಸಂತ ಮಹಾ ಗ್ರೆಗೊರಿಯವರು (590–604) ಅದನ್ನು ಪರಿಷ್ಕರಿಸಿದರು. ಅದರಿಂದಲೇ ನಮ್ಮ ಧರ್ಮೋಪದೇಶದ ಏಳು ಮೂಲಪಾಪಗಳು ಬಂದವು. ನಮ್ಮ ನಾಡಿನ ಹಿರಿಯರು ಹೇಳುವ ಅರಿಷಡ್ವರ್ಗಕ್ಕೆ ಇದು ಎಷ್ಟು ಹತ್ತಿರ ನೋಡಿ. ಎರಡೂ ಕಡೆ ಶತ್ರು ಒಳಗಿನವನೇ.

ಎರಡನೆಯ ಪಟ್ಟಿ 11ನೇ ಶತಮಾನದ ಕಾನ್‌ಸ್ಟಾಂಟಿನೋಪಲಿನ ವಿದ್ವಾಂಸ ಮಿಕಾಯೆಲ್ ಸೆಲ್ಲೊಸ್ ಹೆಸರಿನಲ್ಲಿದೆ. ಇಲ್ಲಿ ವಿಂಗಡಣೆ ವಾಸಸ್ಥಾನದ ಮೇಲೆ: ಬೆಂಕಿಯವು, ಗಾಳಿಯವು, ಭೂಮಿಯವು, ನೀರಿನವು, ನೆಲದೊಳಗಿನವು, ಬೆಳಕಿಗೆ ಅಂಜುವವು. ಒಟ್ಟು ಆರು. ನಮ್ಮಲ್ಲಿ ಬಾವಿಯದ್ದು, ಹುಣಸೆಮರದ್ದು, ಹಾಳು ಮನೆಯದ್ದು ಎನ್ನುವ ಹಾಗೆಯೇ. ಇಂಥ ಪಟ್ಟಿಯನ್ನು ಓದಿದವನು ನೀರಿಗೂ ಹೆದರುತ್ತಾನೆ, ಕತ್ತಲೆಗೂ ಹೆದರುತ್ತಾನೆ. ತನ್ನ ಪಾಪಕ್ಕೆ ಮಾತ್ರ ಹೆದರುವುದಿಲ್ಲ.

ಮೂರನೆಯದು ಜರ್ಮನಿಯ ಟ್ರಿಯರ್ ಪಟ್ಟಣದ ಸಹಾಯಕ ಧರ್ಮಾಧ್ಯಕ್ಷ ಪೀಟರ್ ಬಿನ್ಸ್‌ಫೆಲ್ಡರ ಹೆಸರಿನಲ್ಲಿ ಪ್ರಸಿದ್ಧವಾದದ್ದು. ಕಾಲ 16ನೇ ಶತಮಾನದ ಕೊನೆ. ಏಳು ಮೂಲಪಾಪಗಳಿಗೆ ಏಳು ಹೆಸರುಗಳನ್ನು ಜೋಡಿಸಲಾಯಿತು: ಗರ್ವಕ್ಕೆ ಲೂಸಿಫರ್, ಲೋಭಕ್ಕೆ ಮಾಮೋನ್, ಕಾಮಕ್ಕೆ ಅಸ್ಮೊದೆಯುಸ್, ಮತ್ಸರಕ್ಕೆ ಲೆವಿಯಾಥಾನ್, ಹೊಟ್ಟೆಬಾಕತನಕ್ಕೆ ಬೆಲ್ಜೆಬೂಬ್, ಕೋಪಕ್ಕೆ ಸೈತಾನ, ಸೋಮಾರಿತನಕ್ಕೆ ಬೆಲ್ಫೆಗೋರ್. ಕೇಳಲು ಬಹಳ ಅಚ್ಚುಕಟ್ಟು. ಆದರೆ ಈ ಹೆಸರುಗಳ ಮೂಲ ನೋಡಿದರೆ 'ಮಾಮೋನ್' ಎಂಬುದು ಅರಾಮಿಕ್ ಭಾಷೆಯಲ್ಲಿ ಹಣ, ಸಂಪತ್ತು ಎಂಬುದಕ್ಕೆ ಇದ್ದ ಪದ. ಲೆವಿಯಾಥಾನ್ ಯೋಬನ ಗ್ರಂಥದಲ್ಲಿ ಬರುವ ಜಲಚರ. ಅಸ್ಮೊದೆಯುಸ್ ಮಾತ್ರ ತೋಬಿತನ ಗ್ರಂಥದಲ್ಲಿ ದುರಾತ್ಮವಾಗಿಯೇ ಬರುತ್ತಾನೆ. ಅಲ್ಲಿ ಅವನನ್ನು ಕಟ್ಟಿಹಾಕಿದವರು ಇಂದಿನ ಹಬ್ಬದ ಮಹಾದೂತ ರಫಾಯೇಲರು.

ಎವಾಗ್ರಿಯುಸರ ಪಟ್ಟಿಯನ್ನು ಓದಿದವನು ತನ್ನ ಹೃದಯವನ್ನು ಪರೀಕ್ಷಿಸಿಕೊಳ್ಳುತ್ತಾನೆ. ದೆವ್ವದ ಹೆಸರನ್ನು ಹುಡುಕುವವನು ಬೇಗ ನೆರೆಮನೆಯ ಕಡೆ ನೋಡಲು ಶುರುಮಾಡುತ್ತಾನೆ. ಇದು ಬರಿಯ ಮಾತಲ್ಲ. ಟ್ರಿಯರ್ ಪಟ್ಟಣದಲ್ಲೇ ನಡೆಯಿತು.

ಟ್ರಿಯರ್ ಪಟ್ಟಣದ ಪಾಠ

ಆ ವರ್ಷಗಳಲ್ಲಿ ಟ್ರಿಯರ್ ಸುತ್ತಮುತ್ತ ಬೆಳೆ ಕೈಕೊಟ್ಟಿತ್ತು, ಹಸಿವಿತ್ತು, ರೋಗವಿತ್ತು. ಇದಕ್ಕೆಲ್ಲ ಯಾರು ಕಾರಣ? ದೆವ್ವದೊಂದಿಗೆ ಒಪ್ಪಂದ ಮಾಡಿಕೊಂಡ ಮಾಟಗಾತಿಯರು ಎಂದು ಜನ ಕೂಗಿದರು. ನ್ಯಾಯಾಲಯಗಳು ಹಿಡಿದು ತಂದವರಿಗೆ ಚಿತ್ರಹಿಂಸೆ ಕೊಟ್ಟು "ನಿನ್ನ ಜೊತೆ ಇನ್ನು ಯಾರಿದ್ದರು?" ಎಂದು ಕೇಳಿದವು. ನೋವು ತಾಳಲಾರದೆ ಅವರು ಹೆಸರು ಹೇಳಿದರು. ಹೇಳಿದ ಹೆಸರಿನವರನ್ನು ಹಿಡಿದರು. ಅವರು ಇನ್ನಷ್ಟು ಹೆಸರು ಹೇಳಿದರು. 1587ರಿಂದ 1593ರವರೆಗೆ 22 ಹಳ್ಳಿಗಳಲ್ಲಿ 368 ಜನರನ್ನು ಸುಟ್ಟರೆಂದು ದಾಖಲಾಗಿದೆ. ಎರಡು ಹಳ್ಳಿಗಳಲ್ಲಿ ತಲಾ ಒಬ್ಬಳೇ ಹೆಂಗಸು ಉಳಿದಳು ಎಂದು ಆ ಕಾಲದ ವೃತ್ತಾಂತ ಹೇಳುತ್ತದೆ. ವಿಚಾರಣೆಗಳ ಬಗ್ಗೆ ಅನುಮಾನಪಟ್ಟನೆಂಬ ದೂರಿಗೆ ಗುರಿಯಾದ ನ್ಯಾಯಾಧೀಶ ಡೀಟ್ರಿಕ್ ಫ್ಲಾಡೆ ತಾನೇ ಆರೋಪಿಯಾಗಿ 1589ರಲ್ಲಿ ಮರಣದಂಡನೆಗೆ ಗುರಿಯಾದ. ಅದೇ ವರ್ಷ ಬಿನ್ಸ್‌ಫೆಲ್ಡರು ಇಂಥ ಆರೋಪಿಗಳು ಕೊಡುವ ಹೆಸರುಗಳನ್ನು ನಂಬಬಹುದು ಎಂದು ಸಮರ್ಥಿಸುವ ಗ್ರಂಥವನ್ನು ಪ್ರಕಟಿಸಿದರು. ಇದೆಲ್ಲ ತಪ್ಪು ಎಂದು ಬರೆಯಲು ಹೊರಟ ಕಥೋಲಿಕ ಗುರು ಕಾರ್ನೇಲಿಯುಸ್ ಲೋಸರನ್ನು ಬಂಧಿಸಿ, ಮಾತನ್ನು ಹಿಂತೆಗೆದುಕೊಳ್ಳುವಂತೆ ಮಾಡಲಾಯಿತು.

ಇದನ್ನು ಮುಚ್ಚಿಡುವುದರಿಂದ ಧರ್ಮಸಭೆಗೆ ಗೌರವ ಬರುವುದಿಲ್ಲ. ವಿಶ್ವಾಸಿಗಳೇ, ಗುರುಗಳೇ, ವಿದ್ವಾಂಸರೇ ಮಾಡಿದ ತಪ್ಪು ಇದು. ಸೈತಾನನ ವಿರುದ್ಧ ಯುದ್ಧ ಮಾಡುತ್ತಿದ್ದೇವೆ ಎಂದುಕೊಂಡವರೇ ಅವನ ಕೆಲಸವನ್ನು ಮಾಡಿದರು.

ಆದರೆ ಚರಿತ್ರೆ ಅಲ್ಲಿಗೆ ಮುಗಿಯುವುದಿಲ್ಲ. ಯೇಸುಸಭೆಯ ಗುರು ಫ್ರೀಡ್ರಿಕ್ ಸ್ಪೇ ಅವರು (1591–1635) ಇಂಥ ಮರಣದಂಡನೆಗೆ ಗುರಿಯಾದವರ ಪಾಪನಿವೇದನೆ ಕೇಳಿದವರು ಎಂಬ ಪ್ರತೀತಿ ಇದೆ. ಚಿಕ್ಕ ವಯಸ್ಸಿನಲ್ಲೇ ನಿಮ್ಮ ಕೂದಲು ಏಕೆ ನೆರೆತಿದೆ ಎಂದು ಕೇಳಿದವರಿಗೆ, ಸುಡುಗಂಬದವರೆಗೆ ಜೊತೆಗೆ ಹೋದ ನಿರಪರಾಧಿಗಳ ದುಃಖದಿಂದ ಎಂದರಂತೆ. 1631ರಲ್ಲಿ ಅವರು ತಮ್ಮ ಹೆಸರು ಹಾಕದೆ ಒಂದು ಪುಸ್ತಕ ಪ್ರಕಟಿಸಿದರು. ದೆವ್ವಗಳೇ ಇಲ್ಲ ಎಂದು ಅವರು ವಾದಿಸಲಿಲ್ಲ. ಚಿತ್ರಹಿಂಸೆ ಕೊಟ್ಟರೆ ಯಾರು ಬೇಕಾದರೂ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾರೆ, ಆದ್ದರಿಂದ ಈ ಸಾಕ್ಷ್ಯಕ್ಕೆ ಬೆಲೆಯಿಲ್ಲ ಎಂದು ವಾದಿಸಿದರು. ನಾಲ್ಕು ವರ್ಷಗಳ ನಂತರ ಅದೇ ಟ್ರಿಯರ್ ಪಟ್ಟಣದಲ್ಲಿ ಗಾಯಗೊಂಡ, ಸಾಂಕ್ರಾಮಿಕ ರೋಗ ತಗುಲಿದ ಸೈನಿಕರ ಶುಶ್ರೂಷೆ ಮಾಡುತ್ತಾ ತಾವೂ ರೋಗ ಹತ್ತಿ ತೀರಿಕೊಂಡರು. ಒಂದೇ ಊರು, ಒಂದೇ ವಿಶ್ವಾಸ. ಒಬ್ಬರು ದೂರುವವರ ಪರ ನಿಂತರು, ಇನ್ನೊಬ್ಬರು ದೂರಿಸಿಕೊಂಡವರ ಪರ ನಿಂತರು.

ಧರ್ಮಸಭೆ ಹಾಕಿದ ಬೇಲಿ

ಹೆಸರುಗಳ ಹುಚ್ಚಿಗೆ ಧರ್ಮಸಭೆಯು ಹಿಂದಿನಿಂದಲೂ ಬೇಲಿ ಹಾಕುತ್ತಾ ಬಂದಿದೆ. 745ರಲ್ಲಿ ಅದಾಲ್ಬರ್ಟ್ ಎಂಬ ಬೋಧಕನು ಎಂಟು ದೂತರ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದ ಎಂಬ ದೂರು ಜಗದ್ಗುರು ಜಕರಿಯರ ಮುಂದೆ ಬಂತು. ರೋಮಿನ ಸಭೆಯು ಅವನನ್ನು ಖಂಡಿಸಿತು. ಅವನ ಪಟ್ಟಿಯಲ್ಲಿ ಮಿಖಾಯೇಲರ ಹೆಸರೊಂದನ್ನು ಬಿಟ್ಟು ಉಳಿದವು ದೂತರವಲ್ಲ, ದೆವ್ವಗಳವು ಎಂದಿತು. ನಮಗೆ ತಿಳಿದಿರುವುದು ಮಿಖಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂರೇ ಹೆಸರುಗಳು ಎಂದು ಸಾರಿತು. ಒಳ್ಳೆಯ ದೂತರ ಹೆಸರುಗಳಲ್ಲೇ ಇಷ್ಟು ಎಚ್ಚರವಿದ್ದರೆ ದುರಾತ್ಮಗಳ ಹೆಸರುಗಳಲ್ಲಿ ಎಷ್ಟಿರಬೇಕು!

1614ರಲ್ಲಿ ಜಗದ್ಗುರು ಐದನೆಯ ಪೌಲರು ಹೊರಡಿಸಿದ ರೋಮನ್ ಸಂಸ್ಕಾರವಿಧಿಯಲ್ಲಿ ದೆವ್ವ ಬಿಡಿಸುವ ಗುರುವಿಗೆ ಕೊಟ್ಟ ಆರಂಭದ ಎಚ್ಚರಿಕೆ ಇದು: ಯಾರಿಗಾದರೂ ದೆವ್ವ ಹಿಡಿದಿದೆ ಎಂದು ಸುಲಭವಾಗಿ ನಂಬಬೇಡ, ಮನೋವ್ಯಾಧಿ ಅಥವಾ ಬೇರೆ ಕಾಯಿಲೆಯಿಂದ ನರಳುವವರನ್ನು ಬೇರೆಯಾಗಿ ಗುರುತಿಸು, ಔಷಧಿ ಕೊಡುವ ಕೆಲಸವನ್ನು ವೈದ್ಯರಿಗೆ ಬಿಡು. 400 ವರ್ಷಗಳ ಹಿಂದಿನ ಈ ನಿಯಮ ನಾನು ಗುರುಮಠದಲ್ಲಿ ಓದಿದ್ದೆ. ಓದಿಯೂ ಆ ಸಂಜೆ ಮರೆತೆ.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1172ನೇ ನಿಯಮದಂತೆ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾರೂ ದೆವ್ವಪೀಡಿತರ ಮೇಲೆ ಭೂತೋಚ್ಚಾಟನೆಯ ವಿಧಿ ನಡೆಸುವಂತಿಲ್ಲ. ಅನುಮತಿಯನ್ನು ಭಕ್ತಿ, ಜ್ಞಾನ, ವಿವೇಕ, ಶುದ್ಧ ನಡತೆಯುಳ್ಳ ಗುರುವಿಗೆ ಮಾತ್ರ ಕೊಡಬೇಕು. 1985ರಲ್ಲಿ, ಸರಿಯಾಗಿ ಸೆಪ್ಟೆಂಬರ್ 29ರಂದು, ವಿಶ್ವಾಸಬೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ರಾಟ್ಸಿಂಗರರು ಧರ್ಮಾಧ್ಯಕ್ಷರಿಗೆ ಪತ್ರ ಬರೆದರು. ಅಧಿಕಾರವಿಲ್ಲದವರು ಪ್ರಾರ್ಥನಾಕೂಟಗಳಲ್ಲಿ ದುರಾತ್ಮಗಳನ್ನು ನೇರವಾಗಿ ಮಾತನಾಡಿಸಿ ಅವು ಯಾರೆಂದು ತಿಳಿಯಲು ಯತ್ನಿಸಬಾರದು ಎಂದು ಅದರಲ್ಲಿ ಎಚ್ಚರಿಸಿದರು. 1999ರ ಪರಿಷ್ಕೃತ ವಿಧಿಯಲ್ಲೂ ಈ ವಿವೇಕವೇ ಇದೆ.

ಹಾಗೆಂದು ಧರ್ಮಸಭೆಯು ಸೈತಾನನೇ ಇಲ್ಲ ಎಂದು ಹೇಳಿಲ್ಲ. 1972ರ ನವೆಂಬರಿನಲ್ಲಿ ಜಗದ್ಗುರು ಆರನೆಯ ಪೌಲರು ಸೈತಾನನನ್ನು ಕಟ್ಟುಕಥೆಯೆಂದು ತಳ್ಳಿಹಾಕಬಾರದು ಎಂದು ಬೋಧಿಸಿದರು. ಪ್ರತಿಯೊಂದು ದೀಕ್ಷಾಸ್ನಾನದಲ್ಲೂ ಕೇಡಿನಿಂದ ಬಿಡುಗಡೆ ಕೋರುವ ಪ್ರಾರ್ಥನೆ ಇದೆ, ಸೈತಾನನನ್ನು ತ್ಯಜಿಸುವ ಪ್ರತಿಜ್ಞೆ ಇದೆ. ಅಂದರೆ ನಿಮ್ಮ ಮಗುವಿಗೆ ಬೇಕಾದ ರಕ್ಷಣೆ ದೀಕ್ಷಾಸ್ನಾನದ ದಿನವೇ ಸಿಕ್ಕಿದೆ. ಮತ್ತೆ ತಾಯತ ಏಕೆ?

ಇನ್ನೊಂದು ಮಾತು. ಹಿಂದಿನ ಶತಮಾನಗಳಲ್ಲಿ ಕೆಲವು ಧರ್ಮಪ್ರಚಾರಕರು ನೆರೆಯವರು ಪೂಜಿಸುವ ದೇವರುಗಳನ್ನೇ ದೆವ್ವ ಎಂದು ಕರೆದದ್ದುಂಟು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಘೋಷಿಸಿತು. ಪಕ್ಕದ ಮನೆಯವರ ಪೂಜೆಯನ್ನು ದೆವ್ವದ ಕೆಲಸ ಎಂದು ಹೀಗಳೆಯುವುದು ಕಥೋಲಿಕ ವಿಶ್ವಾಸಕ್ಕೆ ತಕ್ಕದ್ದಲ್ಲ.

ನಮ್ಮ ಊರುಗಳಲ್ಲಿ

ಈಗ ನಮ್ಮ ಕಡೆಗೆ ಬರೋಣ. ಗೋಕಾಕದವರಾದ ರಾಜಕಾರಣಿ ಸತೀಶ ಜಾರಕಿಹೊಳಿಯವರು 2014ರ ಡಿಸೆಂಬರ್ 6ರಂದು ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಒಂದು ರಾತ್ರಿ ಕಳೆದದ್ದು, ಆಮೇಲೂ ಅದೇ ದಿನ ಅಲ್ಲಿ ಮೂಢನಂಬಿಕೆ ವಿರುದ್ಧ ಕಾರ್ಯಕ್ರಮ ನಡೆಸಿದ್ದು ನಿಮಗೆ ಗೊತ್ತಿದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ನವೆಂಬರ್ 2. ಆ ದಿನ ನಾವು ಮಕ್ಕಳುಮರಿ ಸಮೇತ ಸಮಾಧಿಗಳ ಬಳಿ ಹೋಗಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ಸಮಾಧಿಗಳ ನಡುವೆ ನಿಂತು ಹಾಡುವ ನಾವು ಅಮಾವಾಸ್ಯೆ ಬಂದರೆ ಹೊಸ್ತಿಲು ದಾಟಲು ಅಂಜುವುದು ಎಂಥ ವಿಚಿತ್ರ!

ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನು ಮತ್ತು ವಾಮಾಚಾರವನ್ನು ತಡೆಯುವ 2017ರ ಕಾಯ್ದೆಯು 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನ ಹೊಗೆ ಹಾಕುವುದು ಈಗ ಅಪರಾಧ. ಕಾನೂನಿಗೆ ಹೆದರಿ ಮಾತ್ರವಲ್ಲ, ಮನಸ್ಸಾಕ್ಷಿಗೆ ಹೆದರಿಯೂ ನಾವು ಇದನ್ನು ಪಾಲಿಸಬೇಕು. ಆದ್ದರಿಂದ ನನ್ನ ವಿನಂತಿಗಳು ಇಷ್ಟು:

1. ಮನೆಯಲ್ಲಿ ಯಾರಾದರೂ ಬಿದ್ದು ಒದ್ದಾಡಿದರೆ, ಒಬ್ಬರೇ ಮಾತನಾಡಿಕೊಂಡರೆ, ನಿದ್ದೆ ಊಟ ಬಿಟ್ಟರೆ ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವಲ್ಲ. ಮಾನಸಿಕ ಆರೋಗ್ಯಕ್ಕಾಗಿ 14416 ಎಂಬ ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

2. ಗುರುಗಳ ಬಳಿಗೂ ಬನ್ನಿ. ರೋಗಿಗಳಿಗಾಗಿ ಪ್ರಾರ್ಥಿಸುವುದು, ಅಭ್ಯಂಗ ಸಂಸ್ಕಾರ ಕೊಡುವುದು ನಮ್ಮ ಕರ್ತವ್ಯ. ಮಾತ್ರೆ ಮತ್ತು ಪ್ರಾರ್ಥನೆ ಎರಡೂ ಒಬ್ಬನೇ ದೇವರ ಕೊಡುಗೆ. ಯಾವ ದೆವ್ವ, ಅದರ ಹೆಸರೇನು ಎಂದು ಮಾತ್ರ ನಮ್ಮನ್ನು ಕೇಳಬೇಡಿ.

3. ಯಾರ ಹೆಸರನ್ನೂ ಹೇಳಬೇಡಿ. ಮಾಟ ಮಾಡಿದರು, ಕಣ್ಣು ಹಾಕಿದರು ಎಂದು ಒಬ್ಬ ವಿಧವೆಯ ಮೇಲೆ, ಒಬ್ಬ ಸೊಸೆಯ ಮೇಲೆ, ಒಬ್ಬ ಬಡವನ ಮೇಲೆ ಬೆರಳು ತೋರಿಸಿದರೆ ಅದು ಪಾಪ. ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದ ಪಾಪ. ಮತ್ತು ಹೋಗಿ ಅವರ ಮನೆಯಲ್ಲಿ ಚಹಾ ಕುಡಿದು ಸರಿಪಡಿಸಬೇಕಾದ ಪಾಪ.

ದೂರುವವನು ಮತ್ತು ವಕೀಲನು

ಇಂದಿನ ಹಬ್ಬದ ವಾಚನಗಳಲ್ಲಿ ಪ್ರಕಟನಾ ಗ್ರಂಥದ 12ನೇ ಅಧ್ಯಾಯ ಬರುತ್ತದೆ. ಸ್ವರ್ಗದಲ್ಲಿ ಯುದ್ಧವಾಗಿ, ಮಿಖಾಯೇಲರು ಘಟಸರ್ಪವನ್ನು ಕೆಳಗೆ ತಳ್ಳುತ್ತಾರೆ. ಆಗ ಸ್ವರ್ಗದಲ್ಲಿ ಒಂದು ಧ್ವನಿ ಹರ್ಷದಿಂದ ಕೂಗುತ್ತದೆ. ಯಾರು ಬಿದ್ದನೆಂದು? ನಮ್ಮ ಸೋದರರ ಮೇಲೆ ದೇವರ ಮುಂದೆ ಹಗಲಿರುಳು ದೂರು ಹೇಳುತ್ತಿದ್ದವನು ಬಿದ್ದನೆಂದು. ಪಟದಲ್ಲಿ ಮಿಖಾಯೇಲರ ಕಾಲಡಿಯಲ್ಲಿ ಇರುವವನು ಯಾರು ಎಂದು ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಅವನು ದೂರುವವನು. ಕೊಂಬು, ಬಾಲ, ಕಪ್ಪು ಬಣ್ಣ ಎಲ್ಲ ಚಿತ್ರಕಾರರು ಬರೆದದ್ದು.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿ ಪವಿತ್ರಾತ್ಮರಿಗೆ ಕೊಟ್ಟ ಹೆಸರು 'ಪರಾಕ್ಲೆತೋಸ್'. ಹಾಗೆಂದರೆ ಆಪತ್ತಿನಲ್ಲಿ ಪಕ್ಕದಲ್ಲಿ ಬಂದು ನಿಲ್ಲುವವನು, ನಮ್ಮ ಪರವಾಗಿ ಮಾತನಾಡುವ ವಕೀಲ. ಹೀಗೆ ನಮ್ಮ ಮುಂದೆ ಇಬ್ಬರಿದ್ದಾರೆ: ಒಬ್ಬ ದೂರುವವನು, ಒಬ್ಬ ಕಾಯುವವನು. ಊರಿನ ಕಟ್ಟೆಯ ಮೇಲೆ, ನಲ್ಲಿಯ ಬಳಿ, ಪ್ರಾರ್ಥನಾಕೂಟದಲ್ಲಿ ನಾವು ಬಾಯಿ ತೆರೆದಾಗ ಇಬ್ಬರಲ್ಲಿ ಯಾರ ಧ್ವನಿ ಹೊರಬರುತ್ತದೆ? ಈ ಪ್ರಶ್ನೆಯನ್ನು ಇಂದು ಪ್ರತಿಯೊಬ್ಬರೂ ಕೇಳಿಕೊಳ್ಳೋಣ.

"ಮಂದಿ ಬಾಯಿ ಬಿಡಸಾಕ ಯಾರ ಬರ್ತಾರ್ರಿ?" ಎಂದು ಕೇಳಿದ ಆ ತಾಯಿ ಈಗ ನಮ್ಮೊಂದಿಗಿಲ್ಲ. ಆಕೆಯ ಅಂತ್ಯಕ್ರಿಯೆಯ ದಿನ ಮೇಣದಬತ್ತಿ ಹಿಡಿದು ಮುಂದೆ ನಡೆದವಳು ಅಂದು ಮೂರ್ಛೆ ಬರುತ್ತಿದ್ದ ಅದೇ ಹುಡುಗಿ. ಅವಳ ಮನೆಯವರೂ ಬಂದಿದ್ದರು. ಆ ಊರಿನಲ್ಲಿ ದೆವ್ವ ಬಿಟ್ಟದ್ದು ಆ ದಿನ ಎಂದು ನಾನು ನಂಬಿದ್ದೇನೆ.

2018ರ ಅಕ್ಟೋಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಪ್ರತಿದಿನ ಜಪಸರದ ಕೊನೆಯಲ್ಲಿ ಸಂತ ಮಿಖಾಯೇಲರಿಗೆ ಪ್ರಾರ್ಥನೆ ಸಲ್ಲಿಸುವಂತೆ ವಿಶ್ವಾಸಿಗಳನ್ನು ಕೇಳಿಕೊಂಡಿದ್ದರು. ಜಪಸರದ ತಿಂಗಳು ಇನ್ನೇನು ಬರಲಿದೆ. ನಮ್ಮ ಮನೆಗಳಲ್ಲೂ ಅದನ್ನು ಆರಂಭಿಸೋಣ. ಜಪಸರ ಮುಗಿದ ಮೇಲೆ ನಾವು ಸಂಶಯಪಟ್ಟ ಒಬ್ಬರ ಹೆಸರನ್ನು ದೇವರ ಮುಂದೆ ಪ್ರೀತಿಯಿಂದ ಹೇಳೋಣ. ಹೆಸರು ಹೇಳಲೇಬೇಕಾದರೆ ಅಲ್ಲಿ ಹೇಳೋಣ.

ಮಹಾದೂತರಾದ ಮಿಖಾಯೇಲರೇ, ಗಬ್ರಿಯೇಲರೇ, ರಫಾಯೇಲರೇ, ನಮಗಾಗಿ ಪ್ರಾರ್ಥಿಸಿರಿ. ನಮ್ಮನ್ನು ಭಯದಿಂದ ಬಿಡಿಸಿರಿ, ನಮ್ಮ ನಾಲಿಗೆಯನ್ನು ಕಾಯಿರಿ. ಆಮೆನ್.